ಕೊಲ್ಟ್ರೇನ್ ಕಿವಿಗೆ ಬಿದ್ದ ಡೋಲು

(ಸಂಗೀತ ಇಷ್ಟಪಡುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ನಡುನಡುವೆ ಧ್ವನಿಮುದ್ರಣ ಹಾಕಿ ಕೇಳಿಸಿದ್ದೆ. ಇಲ್ಲಿ ಅದು ಆಗದ್ದರಿಂದ ಆ ಜಾಗಗಳಲ್ಲಿ ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಯಾಕ್ಸೋಫೋನ್ ಅಂದ ಕೂಡಲೇ ನಮಗೆ ನೆನಪಾಗುವುದು ಕದ್ರಿ ಗೋಪಾಲನಾಥರು, ಅಲ್ವಾ? ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕಂಡು ಮನಸೋತವರು ಅವರು. ಹಿತ್ತಾಳೆ ಕೊಳವೆಯ ಗಟ್ಟಿ ಕೀಲಿಗಳಿಂದ ಗಮಕ ಹೊರಡಿಸಲು ವರ್ಷಗಟ್ಟಲೆ ಬೆವರು ಸುರಿಸಿದರು. ಅಡೋಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂನವನು 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಮೊದಲು ನೆಲೆ ಕಂಡದ್ದು ಮಿಲಿಟರಿ ಬ್ಯಾಂಡುಗಳಲ್ಲಿ. ಅದು ಮಂಗಳೂರಿಗೆ ಬಂದು ತ್ಯಾಗರಾಜರ ಕೃತಿ ನುಡಿಸಿತು. ಆ ಕಥೆ ನಮಗೆಲ್ಲ ಗೊತ್ತು. ಇವತ್ತು ನಾನು ಹೇಳುವುದು ಅದೇ ವಾದ್ಯ ಇನ್ನೊಂದು ದಿಕ್ಕಿಗೆ ನಡೆದ ಕಥೆ. ಜಾನ್ ಕೊಲ್ಟ್ರೇನ್ ಎಂಬ ಅಮೆರಿಕದ ಕಪ್ಪು ಸಂಗೀತಗಾರನ ಕೈಯಲ್ಲಿ ಅದು ಪಶ್ಚಿಮ ಆಫ್ರಿಕಾದ ಡೋಲಿನ ಹತ್ತಿರ ಹೋಗಿ ಕೂತ ಕಥೆ.

ಅದಕ್ಕೂ ಮೊದಲು ಎಲ್ಲರೂ ಒಂದು ಕೆಲಸ ಮಾಡಬೇಕು. ಓದುತ್ತಿರುವವರೂ ಅಷ್ಟೇ, ಮೇಜಿನ ಮೇಲೆ ಬೆರಳಿಟ್ಟುಕೊಳ್ಳಿ.

ಒಂದರಿಂದ ಹನ್ನೆರಡರವರೆಗೆ ಸಮನಾಗಿ ಎಣಿಸುತ್ತಾ ಹೋಗಿ. 1, 3, 5, 6, 8, 10, 12 ಬಂದಾಗ ಮಾತ್ರ ತಟ್ಟಿ. ಹನ್ನೆರಡಾದ ಮೇಲೆ ನಿಲ್ಲಿಸದೆ ಮತ್ತೆ ಒಂದಕ್ಕೆ ಬನ್ನಿ. ಟಣ್, ಟಣ್, ಟಣ್‌ಟಣ್, ಟಣ್, ಟಣ್, ಟಣ್ ಮತ್ತೆ ಟಣ್. ಮೂರು ನಾಲ್ಕು ಸುತ್ತು ಆದ ಮೇಲೆ ಬೆರಳು ತಾನೇ ಹಿಡಿದುಕೊಳ್ಳುತ್ತದೆ.

ಇದು ಪಶ್ಚಿಮ ಆಫ್ರಿಕಾದ ಗಂಟೆಯ ಒಂದು ನಡೆ. ಘಾನಾ, ಟೋಗೋ ಕಡೆಯ ಎವೆ ಜನರಲ್ಲಿ, ನೈಜೀರಿಯಾದ ಯೊರುಬಾ ಜನರಲ್ಲಿ, ಅಲ್ಲಿಂದ ಹಡಗಿನಲ್ಲಿ ಹೋದವರ ಮೂಲಕ ಕ್ಯೂಬಾದಲ್ಲೂ ಇದು ಬದುಕಿದೆ. ಕಬ್ಬಿಣದ ಗಂಟೆಯನ್ನು ಕೋಲಿನಿಂದ ಬಡಿಯುತ್ತಾರೆ. ಸುತ್ತ ಇರುವ ಡೋಲುಗಳಿಗೆಲ್ಲ ಇದೇ ಆಧಾರ.

ನೆನಪಿಟ್ಟುಕೊಳ್ಳಲು ಸುಲಭದ ದಾರಿ ಒಂದಿದೆ. ಹಾರ್ಮೋನಿಯಂ ನೋಡಿ. ಒಂದು ಸ್ಥಾಯಿಯಲ್ಲಿ ಹನ್ನೆರಡು ಕೀಲಿ, ಅದರಲ್ಲಿ ಏಳು ಬಿಳಿ. ಬಿಳಿ ಬಂದಾಗ ತಟ್ಟಿ, ಕಪ್ಪು ಬಂದಾಗ ಬಿಡಿ. ಅದೇ ಗಂಟೆ! ನಮ್ಮ ಶಂಕರಾಭರಣದ ಸ್ವರಗಳ ನಡುವಿನ ಅಂತರ ಹೇಗಿದೆಯೋ, ಈ ಪೆಟ್ಟುಗಳ ನಡುವಿನ ಅಂತರವೂ ಹಾಗೇ ಇದೆ. ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಇತಿಹಾಸದಲ್ಲಿ ಇವೆರಡಕ್ಕೂ ನಂಟು ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇದು ಮೊದಲು ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಬಲಗೈಯಲ್ಲಿ ಗಂಟೆ ನಡೆಯುತ್ತಿರಲಿ, ಕಾಲಿನಲ್ಲಿ ಎರಡೆರಡಕ್ಕೆ ಒಂದು ಹೆಜ್ಜೆ ಹಾಕಿ. 1, 3, 5, 7, 9, 11. ಏನಾಗುತ್ತದೆ? ಗಂಟೆಯ ಮೊದಲ ಮೂರು ಪೆಟ್ಟು ಹೆಜ್ಜೆಯ ಮೇಲೇ ಬೀಳುತ್ತವೆ. ಉಳಿದ ನಾಲ್ಕೂ ಹೆಜ್ಜೆಗಳ ಸಂದಿಯಲ್ಲಿ ಬೀಳುತ್ತವೆ. ಅರ್ಧ ದಾರಿ ಜೊತೆಗೆ ಬಂದು, ಇನ್ನರ್ಧ ದಾರಿ ಎದುರು ನಿಂತು ಜಗಳ ಆಡಿ, ಮತ್ತೆ ಒಂದಕ್ಕೆ ಬಂದು ಕೈ ಹಿಡಿಯುತ್ತದೆ. ಹೆಜ್ಜೆಯನ್ನು ಮೂರಕ್ಕೊಂದರಂತೆ ಹಾಕಿ ನೋಡಿ, ಅದೇ ಗಂಟೆ ಬೇರೆಯೇ ಮುಖ ತೋರಿಸುತ್ತದೆ. ನಾಲ್ಕಕ್ಕೊಂದರಂತೆ ಹಾಕಿದರೆ ಮತ್ತೊಂದು ಮುಖ. ತಿಶ್ರ (ಮೂರರದು), ಚತುರಶ್ರ (ನಾಲ್ಕರದು) ಎಂದು ನಾವು ಒಂದಾದ ಮೇಲೆ ಒಂದು ನುಡಿಸುವ ನಡೆಗಳು ಅಲ್ಲಿ ಒಂದೇ ಹೊತ್ತಿಗೆ, ಬೇರೆ ಬೇರೆ ಜನರ ಕೈಯಲ್ಲಿ ಹರಿಯುತ್ತವೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಯಾರೂ ತೀರ್ಪು ಕೊಡುವುದಿಲ್ಲ. ಕುಣಿಯುವವನು ಯಾವುದನ್ನು ಬೇಕಾದರೂ ಹಿಡಿದು ಕುಣಿಯಬಹುದು.

ಈ ಗಂಟೆ ಕಿವಿಯಲ್ಲಿ ಇರಲಿ. ಈಗ ಕೊಲ್ಟ್ರೇನ್ ಹತ್ತಿರ ಹೋಗೋಣ.

ಅವರು ಹುಟ್ಟಿದ್ದು 1926ರ ಸೆಪ್ಟೆಂಬರ್ 23ರಂದು, ಉತ್ತರ ಕೆರೊಲಿನಾದ ಹ್ಯಾಮ್ಲೆಟ್ ಎಂಬ ಊರಿನಲ್ಲಿ. ತಂದೆಯ ತಂದೆ, ತಾಯಿಯ ತಂದೆ ಇಬ್ಬರೂ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದವರು. ಈ ಊರಿನ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ದಕ್ಷಿಣ ಕೆರೊಲಿನಾ. ಅಲ್ಲಿ 1739ರಲ್ಲಿ ಸ್ಟೋನೋ ನದಿಯ ಹತ್ತಿರ ಗುಲಾಮರು ದಂಗೆ ಎದ್ದು, ಡೋಲು ಬಾರಿಸುತ್ತಾ ದಾರಿ ಹಿಡಿದು ನಡೆದರು. ದಂಗೆಯನ್ನು ರಕ್ತದಲ್ಲಿ ಅಡಗಿಸಲಾಯಿತು. ಮರುವರ್ಷವೇ ಕಾನೂನು ಬಂತು. ಗುಲಾಮರು ಡೋಲು ಇಟ್ಟುಕೊಳ್ಳುವಂತಿಲ್ಲ, ಬಾರಿಸುವಂತಿಲ್ಲ. ಕೊಂಬು ಊದುವಂತಿಲ್ಲ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಡೋಲು ಅವರಿಗೆ ಬರೀ ಸಂಗೀತ ಆಗಿರಲಿಲ್ಲ, ಮಾತೂ ಆಗಿತ್ತು. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಸುದ್ದಿ ಮುಟ್ಟಿಸಬಲ್ಲದು ಎಂಬುದು ಒಡೆಯರಿಗೂ ಗೊತ್ತಿತ್ತು. ಹಾಗಾಗಿ ಕಿತ್ತುಕೊಂಡರು. ಡೋಲು ಹೋಯಿತು, ಆದರೆ ಕೈ ಕಾಲು ಹೋಗಲಿಲ್ಲವಲ್ಲ. ತೊಡೆ ತಟ್ಟಿದರು, ಎದೆ ತಟ್ಟಿದರು, ಚರ್ಚಿನ ಮರದ ನೆಲದ ಮೇಲೆ ಕಾಲು ಅಪ್ಪಳಿಸಿದರು. ನ್ಯೂ ಆರ್ಲಿಯನ್ಸ್ ಊರಿನ ಕಾಂಗೋ ಚೌಕದಲ್ಲಿ ಮಾತ್ರ ಭಾನುವಾರಗಳಂದು ಡೋಲಿಗೆ ಅವಕಾಶ ಇತ್ತು. ಕ್ಯೂಬಾ, ಬ್ರೆಜಿಲ್‌ಗಳಲ್ಲಿ ಹಾಗಾಗಲಿಲ್ಲ, ಅಲ್ಲಿ ಡೋಲುಗಳು ದೇವರ ಪೂಜೆಯ ಜೊತೆ ಉಳಿದವು. ಆದ್ದರಿಂದ ಈ ಕಪ್ಪು ಜನರ ನಡುವೆ ಹುಟ್ಟಿದ, ಕೊಲ್ಟ್ರೇನ್ ನುಡಿಸುತ್ತಿದ್ದ ಜ್ಯಾಜ್ ಸಂಗೀತಕ್ಕೆ ಆಫ್ರಿಕಾದ ತಾಳ 'ಬೆರೆಸುವುದು' ಎಂದು ಯಾರಾದರೂ ಹೇಳಿದರೆ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ಮನೆಯಿಂದ ಕಸಿದುಕೊಂಡಿದ್ದನ್ನು ಇನ್ನೂರು ವರ್ಷ ಆದ ಮೇಲೆ ಹುಡುಕಿಕೊಂಡು ಹೋಗುವುದಕ್ಕೆ ಬೆರೆಸುವುದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕೊಲ್ಟ್ರೇನ್ ಹುಡುಕಾಟ ಜೋರಾದ ಕಾಲವೂ ವಿಶೇಷವಾದದ್ದು. 1957ರಲ್ಲಿ ಘಾನಾ ಸ್ವತಂತ್ರವಾಯಿತು. 1960 ಒಂದೇ ವರ್ಷ ಆಫ್ರಿಕಾದ ಹದಿನೇಳು ದೇಶಗಳು ಬಿಡುಗಡೆ ಪಡೆದವು. ನೈಜೀರಿಯಾ ಸ್ವತಂತ್ರವಾದದ್ದು ಅಕ್ಟೋಬರ್ 1ಕ್ಕೆ. ಅದೇ ತಿಂಗಳ ಕೊನೆಯಲ್ಲಿ ಕೊಲ್ಟ್ರೇನ್ ಸ್ಟುಡಿಯೋಕ್ಕೆ ಹೋಗಿ ಕೆಲವೇ ದಿನಗಳಲ್ಲಿ ಒಂದು ರಾಶಿ ನುಡಿಸಿಟ್ಟರು. ಅದರಲ್ಲಿ 'ಲೈಬೀರಿಯಾ' ಎಂಬ ಸ್ವಂತ ರಚನೆಯೂ ಇತ್ತು, 'ಮೈ ಫೇವರಿಟ್ ಥಿಂಗ್ಸ್' ಎಂಬ ಬ್ರಾಡ್‌ವೇ ನಾಟಕದ ಹಾಡೂ ಇತ್ತು.

ಆ ನಾಟಕದ ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೂಲದಲ್ಲಿ ಅದು ಒಂದು ಮುದ್ದಾದ ಹಾಡು. ಒಂದು ಎರಡು ಮೂರು, ಒಂದು ಎರಡು ಮೂರು ಎಂದು ವಾಲ್ಟ್ಸ್ ತಾಳದಲ್ಲಿ ತೂಗುತ್ತದೆ. ಕೊಲ್ಟ್ರೇನ್ ಕೈಗೆ ಬಂದ ಮೇಲೆ ಹದಿಮೂರು ನಿಮಿಷ ದಾಟಿತು. ಅವರ ಕೈಯಲ್ಲಿ ಸೊಪ್ರಾನೋ ಸ್ಯಾಕ್ಸೋಫೋನ್, ದನಿಯಲ್ಲಿ ನಮ್ಮ ಶಹನಾಯಿಯ ಛಾಯೆ ಇರುವ ನೆಟ್ಟಗಿನ ವಾದ್ಯ. ಪಿಯಾನೋದಲ್ಲಿ ಮೆಕಾಯ್ ಟೈನರ್ ಎರಡೇ ಸ್ವರಗುಂಪುಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳು, ಅಂದರೆ ಕಾರ್ಡ್) ಹಿಡಿದು ಉಯ್ಯಾಲೆ ಆಡಿಸುತ್ತಾರೆ. ಇದರ ಕೆಳಗೆ ಎಲ್ವಿನ್ ಜೋನ್ಸ್.

ಎಲ್ವಿನ್ ಡ್ರಮ್ ನುಡಿಸುವುದನ್ನು ನೀವು ಕೇಳಲೇಬೇಕು. ಮೂರರ ತಾಳ ಎಂದು ಅವರು ಮೂರನ್ನು ಬಡಿದು ತೋರಿಸುವುದಿಲ್ಲ. ಬಲಗೈ ಲೋಹದ ತಾಳದ (ಸಿಂಬಲ್) ಮೇಲೆ ಒಂದು ನಡೆ, ಎಡಗೈ ಚರ್ಮದ ಮೇಲೆ ಇನ್ನೊಂದು, ಬಲಗಾಲಿನ ದೊಡ್ಡ ಡ್ರಮ್ ಎಲ್ಲೋ ನಡುವೆ, ಎಡಗಾಲಿನ ಜೋಡಿತಾಳ ಮತ್ತೆಲ್ಲೋ. ನಾಲ್ಕು ಕೈಕಾಲು ಎಂದರೆ ನಾಲ್ಕು ಜನ ಎಂದುಕೊಳ್ಳಿ. ಮೂರು ಎಂದು ಎಣಿಸಿದರೆ ಮೂರು ಸಿಗುತ್ತದೆ, ಎರಡು ಎಂದು ಎಣಿಸಿದರೆ ಎರಡೂ ಸಿಗುತ್ತದೆ. ನೀವು ಈಗಷ್ಟೇ ಮೇಜಿನ ಮೇಲೆ ತಟ್ಟಿದ ಗಂಟೆಯ ಗುಣವೇ ಇದು. ಆಫ್ರಿಕಾದಲ್ಲಿ ಒಂದು ಊರು ಸೇರಿ ಮಾಡುವ ಕೆಲಸವನ್ನು ಎಲ್ವಿನ್ ಒಂದು ಸ್ಟೂಲಿನ ಮೇಲೆ ಕೂತು ಮಾಡುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ. ಡೋಲಿಲ್ಲದೆ ಇನ್ನೂರು ವರ್ಷ ಮೈಯಲ್ಲೇ ಉಳಿದ ತಾಳ ಹೀಗೆ ಮತ್ತೆ ಹೊರಗೆ ಬಂತು.

1961ರ ಮೇ, ಜೂನ್‌ನಲ್ಲಿ ಕೊಲ್ಟ್ರೇನ್ 'ಆಫ್ರಿಕಾ/ಬ್ರಾಸ್' ಮಾಡಿದರು. ದೊಡ್ಡ ಹಿತ್ತಾಳೆ ಮೇಳ, ಜೊತೆಗೆ ಎರಿಕ್ ಡಾಲ್ಫಿ ಎಂಬ ಸ್ಯಾಕ್ಸೋಫೋನ್ ವಾದಕ. 'ಆಫ್ರಿಕಾ' ಎಂಬ ತುಣುಕೇ ಹದಿನಾರು ನಿಮಿಷ ಇದೆ. ಇದಕ್ಕೆ ಮೊದಲು ಅವರು ಆಫ್ರಿಕಾದ ಸಂಗೀತದ ರೆಕಾರ್ಡುಗಳನ್ನು ಕೂತು ಕೇಳಿದ್ದರು. ಇಲ್ಲಿ ಇಬ್ಬರು ಬಾಸ್ (ಮಂದ್ರ ದನಿಯ ದೊಡ್ಡ ತಂತಿವಾದ್ಯ) ವಾದಕರಿದ್ದಾರೆ, ರೆಜಿ ವರ್ಕ್‌ಮನ್ ಮತ್ತು ಆರ್ಟ್ ಡೇವಿಸ್. ಒಂದು ಬಾಸ್ ಒಂದೇ ಸಣ್ಣ ಸಾಲನ್ನು ಮಂತ್ರದಂತೆ ಹೇಳುತ್ತಾ ಇರುತ್ತದೆ, ಇನ್ನೊಂದು ಅದರ ಸುತ್ತ ಅಲೆದಾಡುತ್ತದೆ. ಜ್ಯಾಜ್‌ನಲ್ಲಿ ಬಾಸ್ ಸಾಮಾನ್ಯವಾಗಿ ನಡೆದುಕೊಂಡು ಹೋಗುತ್ತದೆ, ಒಂದು ಸ್ವರಗುಂಪಿನಿಂದ ಇನ್ನೊಂದಕ್ಕೆ ದಾಟಿಸುವುದು ಅದರ ಕೆಲಸ. ಇಲ್ಲಿ ಅದು ದಾಟುವುದಿಲ್ಲ. ಸುತ್ತುತ್ತದೆ. ಡೋಲಿನ ಹಾಗೆ.

ಇದಕ್ಕೆ ಎರಡು ವರ್ಷ ಮುಂಚೆ ಕೊಲ್ಟ್ರೇನ್ ಇದಕ್ಕೆ ಪೂರ್ತಿ ತಿರುಗುಮುರುಗಾದ ಕೆಲಸದಲ್ಲಿ ಮುಳುಗಿದ್ದರು. 'ಜೈಂಟ್ ಸ್ಟೆಪ್ಸ್' ಕೇಳಿದವರಿಗೆ ಗೊತ್ತು, ಅಲ್ಲಿ ಸ್ವರಗುಂಪುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತವೆ. ಆ ದಾರಿಯ ತುದಿ ಮುಟ್ಟಿದವರು ತಾವಾಗಿ ವಾಪಸು ಬಂದು ಒಂದೇ ಜಾಗದಲ್ಲಿ ನಿಂತರು. ಸ್ವರದ ಓಟ ನಿಂತಾಗ ತಾಳ ಬಾಯಿ ಬಿಡುತ್ತದೆ. ನಾನು ಇವತ್ತು ಹೇಳಬೇಕು ಎಂದುಕೊಂಡು ಬಂದ ಮಾತೇ ಇದು. ಆಫ್ರಿಕಾದ ಡೋಲನ್ನು ತಂದು ತಮ್ಮ ಸಂಗೀತದ ಕೆಳಗೆ ಹಾಸಿಕೊಂಡವರು ತುಂಬಾ ಜನ ಇದ್ದಾರೆ. ಕೊಲ್ಟ್ರೇನ್ ಹಾಗೆ ಹಾಸಿಕೊಳ್ಳಲಿಲ್ಲ. ಡೋಲಿಗೆ ಜಾಗ ಆಗಲಿ ಎಂದು ತಮ್ಮ ಸಂಗೀತದ ಮನೆಯನ್ನೇ ಬಿಚ್ಚಿ ಕಟ್ಟಿದರು. ಅದೇ ವರ್ಷ ನವೆಂಬರಿನಲ್ಲಿ 'ಇಂಡಿಯಾ' ಎಂಬ ರಚನೆ ನುಡಿಸಿದಾಗಲೂ ಇಬ್ಬರು ಬಾಸ್ ವಾದಕರನ್ನು ಇಟ್ಟುಕೊಂಡು ತಂಬೂರಿಯ ಹಾಗೆ ನೆಲ ಹಾಕಿಸಿದರು. ರವಿಶಂಕರ್ ಮೇಲೆ ಅವರಿಗೆ ಎಷ್ಟು ಗೌರವ ಇತ್ತೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟರು. ಆ ಕಥೆ ಇನ್ನೊಂದು ದಿನಕ್ಕೆ ಇರಲಿ.

ಈಗ ಇನ್ನೊಬ್ಬರು ಬರುತ್ತಾರೆ. ಬಾಬಾತುಂಡೆ ಒಲಾತುಂಜಿ. ನೈಜೀರಿಯಾದ ಕರಾವಳಿಯ ಅಜಿಡೊ ಎಂಬ ಊರಿನವರು. 1950ರಲ್ಲಿ ವಿದ್ಯಾರ್ಥಿವೇತನ ಪಡೆದು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿಗೆ ಓದಲು ಬಂದರು. ಓದಿಗೆ ಬಂದವರು ಡೋಲಿನವರಾಗಿ ಅಲ್ಲೇ ಉಳಿದರು. 1960ರಲ್ಲಿ ಹೊರಬಂದ 'ಡ್ರಮ್ಸ್ ಆಫ್ ಪ್ಯಾಷನ್' ಎಂಬ ಅವರ ರೆಕಾರ್ಡು ಅಮೆರಿಕದ ಮನೆಮನೆಗೆ ಹೋಯಿತು. ಅದುವರೆಗೆ ಆಫ್ರಿಕಾ ಎಂದರೆ ಸಿನಿಮಾದ ಕಾಡು ಮಾತ್ರ ನೋಡಿದ್ದವರು ಯೊರುಬಾ ಡೋಲನ್ನು ಮೊದಲ ಸಲ ಸರಿಯಾಗಿ ಕೇಳಿದರು. ಕೊಲ್ಟ್ರೇನ್‌ಗೂ ಅವರಿಗೂ ಸ್ನೇಹ ಬೆಳೆಯಿತು. 1962ರಲ್ಲಿ ಕೊಲ್ಟ್ರೇನ್ 'ತುಂಜಿ' ಎಂಬ ರಚನೆಯನ್ನೇ ಗೆಳೆಯನ ಹೆಸರಿನಲ್ಲಿ ನುಡಿಸಿದರು.

ಯೊರುಬಾ ಡೋಲು ಮಾತಾಡುತ್ತದೆ ಎಂದು ಓದಿದಾಗ ನಾನು ಅದು ಕವಿತೆಯ ಮಾತು ಎಂದುಕೊಂಡಿದ್ದೆ. ಅದು ನಿಜಕ್ಕೂ ಹಾಗೇ ಇದೆ. ಯೊರುಬಾ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ಏರು, ಮಧ್ಯ, ಇಳಿ ಎಂದು ಮೂರು ದನಿ. 'ಒಕೊ' ಎಂಬ ಒಂದೇ ಪದ ನೋಡಿ. ಕೊನೆಯನ್ನು ಸಮವಾಗಿ ಬಿಟ್ಟರೆ ಗಂಡ. ಏರಿಸಿದರೆ ಗುದ್ದಲಿ. ಇಳಿಸಿದರೆ ವಾಹನ. ಪಶ್ಚಿಮ ಆಫ್ರಿಕಾದ ಕಂಕುಳ ಡೋಲು ನಮ್ಮ ಬುಡುಬುಡಿಕೆಯ ಹಾಗೆ ನಡು ಸಣ್ಣದು, ಮೈಗೆ ದಾರ ಬಿಗಿದಿರುತ್ತದೆ. ದಾರವನ್ನು ಒತ್ತಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅಂದ ಮೇಲೆ ಪದದ ಏರಿಳಿತವನ್ನು ಡೋಲಿನಲ್ಲೇ ಆಡಬಹುದು. ಗಾದೆ ಹೇಳಬಹುದು, ಹೆಸರು ಹಿಡಿದು ಹೊಗಳಬಹುದು. ಬಾಟಾ ಎಂಬ ಇನ್ನೊಂದು ಡೋಲಿದೆ. ಎರಡು ಮುಖ, ಒಂದು ದೊಡ್ಡದು, ಒಂದು ಚಿಕ್ಕದು. ಮೃದಂಗದ ಹಾಗೆ ಅಡ್ಡ ಇಟ್ಟುಕೊಂಡು ಎರಡೂ ಕಡೆ ನುಡಿಸುತ್ತಾರೆ. ಅದೂ ಮಾತಿನ ಡೋಲೇ.

ಕೊಲ್ಟ್ರೇನ್ ಈ ಮಾತಿನ ಗುಟ್ಟನ್ನು ಯಾರಿಂದ ಕಲಿತರು ಎಂದು ಗೆರೆ ಎಳೆದು ತೋರಿಸಲು ನಾನು ಹೋಗುವುದಿಲ್ಲ. ಅಜ್ಜಂದಿರ ಚರ್ಚಿನಲ್ಲೂ ಉಪದೇಶ ಹಾಡಾಗಿ ಏರುತ್ತಿತ್ತು. ಆದರೆ 1964ರ ಡಿಸೆಂಬರಿನಲ್ಲಿ ಅವರು 'ಎ ಲವ್ ಸುಪ್ರೀಮ್' ನುಡಿಸಿದಾಗ ಅದರ ಕೊನೆಯ ಭಾಗದಲ್ಲಿ ಒಂದು ಕೆಲಸ ಮಾಡಿದರು. ತಾವೇ ಬರೆದ ಪ್ರಾರ್ಥನೆಯ ಪದ್ಯವನ್ನು ಸ್ಯಾಕ್ಸೋಫೋನಿನಲ್ಲಿ ಅಕ್ಷರ ಅಕ್ಷರವಾಗಿ ನುಡಿಸಿದರು. ಪದ್ಯ ರೆಕಾರ್ಡಿನ ಹೊದಿಕೆಯ ಒಳಗೆ ಅಚ್ಚಾಗಿದೆ. ಅದನ್ನು ಕೈಯಲ್ಲಿ ಹಿಡಿದು ಕೇಳಿ. ಸಾಲಿನ ಜೊತೆ ಸಾಲು ಸರಿಯಾಗಿ ಕೂರುತ್ತದೆ. ಬಾಯಲ್ಲಿ ಒಂದು ಮಾತೂ ಇಲ್ಲ, ಆದರೆ ವಾದ್ಯ ಮಾತಾಡುತ್ತಿದೆ. ಎಲ್ವಿನ್ ಕೆಳಗೆ ಸಮುದ್ರದ ಹಾಗೆ ಉರುಳುತ್ತಿದ್ದಾರೆ. ನಾನು ಹೀಗೆ ಕೇಳಿದ ಸಂಜೆ ನನ್ನ ಕಣ್ಣು ತುಂಬಿತ್ತು.

ಆಮೇಲಿನ ವರ್ಷಗಳು ಕಷ್ಟದವು. ಕೇಳುವವರಿಗೂ ಕಷ್ಟ. ತಾಳ ಗಂಟು ಬಿಚ್ಚಿಕೊಂಡು ಹರಿಯತೊಡಗಿತು. 1965ರ ಕೊನೆಗೆ ಮೆಕಾಯ್ ಟೈನರ್ ಬಿಟ್ಟರು, 1966ರ ಆರಂಭದಲ್ಲಿ ಎಲ್ವಿನ್ ಕೂಡ ಹೋದರು. ಆ ಜಾಗಕ್ಕೆ ಹೆಂಡತಿ ಆಲಿಸ್ ಪಿಯಾನೋಗೆ ಬಂದರು, ರಶೀದ್ ಅಲಿ ಡ್ರಮ್‌ಗೆ ಬಂದರು. ಜೊತೆಗೆ ಫ್ಯಾರೋ ಸ್ಯಾಂಡರ್ಸ್ ಎಂಬ ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ. ಸಭೆಯಿಂದ ಎದ್ದು ಹೋದವರಿದ್ದರು.

ಒಲಾತುಂಜಿಗೆ ಒಂದು ಕನಸಿತ್ತು. ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಮಕ್ಕಳಿಗೆ ಆಫ್ರಿಕಾದ ಡೋಲು, ಕುಣಿತ, ಭಾಷೆ ಕಲಿಸುವ ಒಂದು ಮನೆ ಬೇಕು ಎಂದು. ಕೊಲ್ಟ್ರೇನ್ ಅದಕ್ಕೆ ಹಣ ಕೊಟ್ಟು ನೆರವಾದರು. 125ನೇ ಬೀದಿಯಲ್ಲಿ ಆ ಕೇಂದ್ರ ತೆರೆಯಿತು. 1967ರ ಏಪ್ರಿಲ್ 23, ಭಾನುವಾರ, ಕೊಲ್ಟ್ರೇನ್ ಅಲ್ಲಿಗೆ ಬಂದು ನುಡಿಸಿದರು. ಲಿವರ್ ಕ್ಯಾನ್ಸರ್ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಅದಾಗಿ ಸರಿಯಾಗಿ 85 ದಿನಕ್ಕೆ, ಜುಲೈ 17ರಂದು ತೀರಿಕೊಂಡರು. ಆಗ ವಯಸ್ಸು 40.

ಆ ಭಾನುವಾರದ ಧ್ವನಿಮುದ್ರಣ ಉಳಿದುಬಂದು, 2001ರಲ್ಲಿ ಹೊರಗೆ ಬಂತು. ಗುಣಮಟ್ಟ ಚೆನ್ನಾಗಿಲ್ಲ. ದನಿ ಒಡೆಯುತ್ತದೆ, ಒಂದರ ಮೇಲೆ ಒಂದು ಬಿದ್ದು ಗೋಜಲಾಗುತ್ತದೆ. ಆದರೂ ಬಿಡಬೇಡಿ. ರಶೀದ್ ಅಲಿಯ ಡ್ರಮ್ ಪಕ್ಕದಲ್ಲಿ ಆಲ್ಜಿ ಡಿವಿಟ್ ಬಾಟಾ ಡೋಲು ನುಡಿಸುತ್ತಿದ್ದಾರೆ. ಕೊಲ್ಟ್ರೇನ್ ಸ್ಯಾಕ್ಸೋಫೋನ್ ಎಲ್ಲಿ ಮುಗಿಯುತ್ತದೆ, ಡೋಲು ಎಲ್ಲಿ ಶುರುವಾಗುತ್ತದೆ ಎಂದು ಕೆಲವು ಕಡೆ ಹೇಳಲು ಆಗುವುದಿಲ್ಲ. ಅವರು ಸಣ್ಣ ಸಣ್ಣ ತುಣುಕುಗಳನ್ನು ಹಿಡಿದು ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎಸೆಯುತ್ತಾರೆ. ಒಬ್ಬರೇ ಎರಡು ದನಿಯಲ್ಲಿ ಪ್ರಶ್ನೆ ಉತ್ತರ ಆಡಿದಂತೆ. ದೊಡ್ಡ ಮುಖ, ಚಿಕ್ಕ ಮುಖ. ಬಾಟಾ ಡೋಲಿನ ಹಾಗೇ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: "ಇದು ನಮ್ಮ ತನಿ ಆವರ್ತನದ ಹಾಗೇ ಅಲ್ವಾ?" ಒಳ್ಳೆಯ ಪ್ರಶ್ನೆ. ಹತ್ತಿರ ಇದೆ, ಆದರೆ ಒಂದು ಮುಖ್ಯ ವ್ಯತ್ಯಾಸ ಇದೆ. ನಮ್ಮಲ್ಲಿ ತಾಳ ಹಾಕುವ ಕೈ ಒಂದು ಇರುತ್ತದೆ. ಲೆಕ್ಕ ಎಷ್ಟೇ ಜಟಿಲವಾದರೂ ಎಲ್ಲರೂ ಕೊನೆಗೆ ಒಂದೇ ಬಾಗಿಲಿಗೆ ಬಂದು ಸೇರುತ್ತಾರೆ. ಮುಕ್ತಾಯ ಬಿದ್ದಾಗ ನಮಗೆ ಆಗುವ ಖುಷಿ ಅದೇ. ಗಂಟೆ ಮತ್ತು ಡೋಲಿನ ಕೂಟದಲ್ಲಿ ಪ್ರತಿ ಡೋಲಿಗೂ ತನ್ನದೇ ಸಣ್ಣ ಮಾತು, ತನ್ನದೇ ಶುರುವಿನ ಜಾಗ. ಎಲ್ಲರೂ ಒಂದೇ ಕಡೆ 'ಒಂದು' ಎನ್ನಬೇಕಿಲ್ಲ. ಪಕ್ಕದವನ ಪೆಟ್ಟು ನನ್ನ ಪೆಟ್ಟಿನ ಸಂದಿಯಲ್ಲಿ ಬಿದ್ದಾಗ ಮೂರನೆಯದೊಂದು ರಾಗ ಏಳುತ್ತದೆ. ಅದನ್ನು ಯಾರೂ ನುಡಿಸುತ್ತಿಲ್ಲ, ಆದರೂ ಎಲ್ಲರಿಗೂ ಕೇಳಿಸುತ್ತದೆ.

ಇನ್ನೊಬ್ಬರು, "ಆಫ್ರಿಕಾದಿಂದ ಜ್ಯಾಜ್ ಕಡೆ ಬಂದವರು ಯಾರೂ ಇಲ್ಲವಾ?" ಎಂದರು. ಯಾಕಿಲ್ಲ! ನೈಜೀರಿಯಾದ ಫೆಲಾ ಕುಟಿ 1958ರಲ್ಲಿ ಲಂಡನ್ನಿಗೆ ಹೋಗಿ ಟ್ರಂಪೆಟ್ ಕಲಿತು, ಜ್ಯಾಜ್ ತಲೆಗೆ ಹತ್ತಿಸಿಕೊಂಡು ಲಾಗೋಸ್‌ಗೆ ಬಂದರು. ಎಪ್ಪತ್ತರ ದಶಕದಲ್ಲಿ ಸ್ಯಾಕ್ಸೋಫೋನ್ ಹಿಡಿದರು. ಅವರ ಡ್ರಮ್ ವಾದಕ ಟೋನಿ ಆಲನ್ ಆರ್ಟ್ ಬ್ಲೇಕಿ, ಮ್ಯಾಕ್ಸ್ ರೋಚ್ ಎಂಬ ಅಮೆರಿಕದ ಜ್ಯಾಜ್ ಡ್ರಮ್ಮರ್‌ಗಳ ರೆಕಾರ್ಡು ಕೇಳಿ ತಾನೇ ಕಲಿತವರು. ಅಮೆರಿಕಕ್ಕೆ ಹೋದ ಯೊರುಬಾ ತಾಳ ಜ್ಯಾಜ್ ಆಗಿ ಲಾಗೋಸ್‌ಗೆ ಮರಳಿ ಮತ್ತೆ ಯೊರುಬಾ ಮನೆಯೊಳಗೆ ಹೊಕ್ಕಿತು. ಆಫ್ರೋಬೀಟ್ ಎಂಬ ಸಂಗೀತ ಹುಟ್ಟಿದ್ದು ಹೀಗೆ.

ಕೊಲ್ಟ್ರೇನ್‌ಗೆ ಆಫ್ರಿಕಾದ ನೆಲ ಮೆಟ್ಟುವ ಯೋಗ ಬರಲಿಲ್ಲ. ಅವರ ಗೆಳೆಯ, ಸ್ಯಾಕ್ಸೋಫೋನ್ ವಾದಕ ಯೂಸೆಫ್ ಲತೀಫ್ ಎಂಬತ್ತರ ದಶಕದಲ್ಲಿ ಉತ್ತರ ನೈಜೀರಿಯಾದ ಜಾರಿಯಾಕ್ಕೆ ಹೋಗಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಇದ್ದು ಅಲ್ಲಿನ ಕೊಳಲನ್ನು ಅಭ್ಯಾಸ ಮಾಡಿದರು. ಆ ಭಾನುವಾರ ಪಕ್ಕದಲ್ಲಿ ನಿಂತು ನುಡಿಸಿದ್ದ ಫ್ಯಾರೋ ಸ್ಯಾಂಡರ್ಸ್ 1994ರಲ್ಲಿ ಮೊರಾಕ್ಕೊಗೆ ಹೋಗಿ ಗ್ನಾವಾ ಸಂಗೀತಗಾರರ ಜೊತೆ ಕೂತರು. ಗ್ನಾವಾ ಜನರ ಹಿರಿಯರೂ ಸಹಾರಾದ ದಕ್ಷಿಣದಿಂದ ಗುಲಾಮರಾಗಿ ಬಂದವರೇ.

ಎಲ್ಲಿಂದ ಕೇಳಲು ಶುರು ಮಾಡಬೇಕು ಎಂದು ತುಂಬಾ ಜನ ಕೇಳಿದ್ದೀರಿ. ನನ್ನ ಸಲಹೆ ಇಷ್ಟೇ. ಒಂದು ಸಂಜೆ 1960ರ 'ಮೈ ಫೇವರಿಟ್ ಥಿಂಗ್ಸ್' ಕೇಳಿ. ಎಲ್ವಿನ್ ಎಡಗೈ ಮೇಲೆ ಕಿವಿ ಇಡಿ. ಮರುದಿನ 1967ರ ಆ ಭಾನುವಾರದ ಧ್ವನಿಮುದ್ರಣ ಹಾಕಿ. ಅಲ್ಲಿ ಎರಡನೆಯದಾಗಿ ನುಡಿಸಿದ್ದೂ ಅದೇ ಹಾಡು, ಈ ಸಲ 34 ನಿಮಿಷ. ಮೊದಲು ಜಿಮ್ಮಿ ಗ್ಯಾರಿಸನ್ ಒಬ್ಬರೇ ಬಾಸ್ ಮೀಟುತ್ತಾ ಹೋಗುತ್ತಾರೆ, ಅವಸರ ಮಾಡಬೇಡಿ. ಆಮೇಲೆ ಸೊಪ್ರಾನೋ ಬರುತ್ತದೆ. ಆ ಮುದ್ದಾದ ಹಾಡು ಅಲ್ಲಲ್ಲಿ ಎರಡು ಸ್ವರ, ಮೂರು ಸ್ವರವಾಗಿ ತಲೆ ಎತ್ತಿ ಮತ್ತೆ ಡೋಲಿನ ನಡುವೆ ಮುಳುಗುತ್ತದೆ. ಗೋಜಲು ಅನ್ನಿಸಿದರೆ ಸ್ಯಾಕ್ಸೋಫೋನನ್ನು ಬಿಟ್ಟು ಬಾಟಾ ಡೋಲನ್ನು ಹುಡುಕಿ. ಅದು ಸಿಕ್ಕಿದ ಮೇಲೆ ಕೊಲ್ಟ್ರೇನ್ ಅದರ ಪಕ್ಕದಲ್ಲೇ ಇರುತ್ತಾರೆ.